ಕಿವಿ ಮೇಸ್ತ್ರಿ ಬೇಡವೆಂದ ಕಾರು

ಊರಿಗೆಲ್ಲ ಅವರು ಕಿವಿ ಮೇಸ್ತ್ರಿ. ಕಿವಿ ದೊಡ್ಡದಿದೆಯೆಂದು ಬಂದ ಹೆಸರಲ್ಲ. ನೋಡಲು ಎಲ್ಲರ ಕಿವಿಯಂಥದೇ, ಅಂಚಿಗೆ ಸ್ವಲ್ಪ ಗ್ರೀಸು ಮೆತ್ತಿರುತ್ತಿತ್ತು ಅಷ್ಟೆ. ಬಾನೆಟ್ ಎತ್ತುವ ಮೊದಲೇ ಗಾಡಿಯ ರೋಗ ಹೇಳುತ್ತಾರೆಂದು ಬಂದ ಹೆಸರು. ರಸ್ತೆಯ ತಿರುವಿನಲ್ಲಿ ಕಾರು ಕಾಣಿಸುವಷ್ಟರಲ್ಲಿ, ಕೈಯಲ್ಲಿದ್ದ ಚಹಾ ಲೋಟ ಕೆಳಗಿಡದೆಯೇ, “ವಾಟರ್ ಪಂಪಿನ ಬೇರಿಂಗ್ ಹೋಗಿದೆ, ಇನ್ನೊಂದು ವಾರ ಓಡಿಸಿದ್ರೆ ನಡುದಾರೀಲಿ ಕೂತ್ಕೊಳ್ಳುತ್ತೆ” ಅಂದುಬಿಡುತ್ತಿದ್ದರು. ಗಾಡಿಯವರು ಇಳಿದು ಬಂದು ತಮ್ಮ ಗೋಳು ಹೇಳಲು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದರು. ಗಾಡಿ ಮಾತಾಡುವಾಗ ಮನುಷ್ಯರು ಮಾತಾಡಬಾರದು ಎಂಬುದು ಶೆಡ್ಡಿನ ಕಾನೂನು. ಎದುರಿನ ತಗಡಿನ ಕೆಲಸದವನೂ ಅದಕ್ಕೆ ಒಳಪಟ್ಟವನೇ. “ಎರಡು ನಿಮಿಷ ನಿಲ್ಸಪ್ಪಾ” ಎಂದು ಇವರು ಕೂಗಿದರೆ ಎತ್ತಿದ ಸುತ್ತಿಗೆಯನ್ನು ಎತ್ತಿದಲ್ಲೇ ಹಿಡಿದು ನಿಲ್ಲುತ್ತಿದ್ದ.

ಅವರ ಹತ್ತಿರ ಮೊಳದುದ್ದದ ಒಂದು ಕಬ್ಬಿಣದ ಸರಳಿತ್ತು. ಒಂದು ತುದಿ ಎಂಜಿನ್ನಿನ ಮೇಲೆ, ಇನ್ನೊಂದು ತುದಿ ಕಿವಿಗೆ. ಡಾಕ್ಟರು ಎದೆ ನೋಡಿದ ಹಾಗೆ ಅಲ್ಲಲ್ಲಿ ಮುಟ್ಟಿಸಿ ಕೇಳುತ್ತಿದ್ದರು. ಮೊದಮೊದಲು ಅದು ಬೇಕಾಗುತ್ತಿದ್ದದ್ದು ಹತ್ತು ಗಾಡಿಗೆ ಒಮ್ಮೆ. ನಾಲ್ಕೈದು ವರ್ಷಗಳಿಂದ ಪ್ರತಿ ಗಾಡಿಗೂ ಬೇಕು. ಅದೂ ಈಗ ಕಿವಿಯ ಬಾಯಿಗಲ್ಲ, ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯಬೇಕು. ಗಾಡಿಯವರನ್ನು ಸುಮ್ಮನಾಗಿಸುವ ಅಭ್ಯಾಸವೂ ಹೋಗಿ, “ಮೊದ್ಲು ನೀವು ಹೇಳಿ, ಏನಾಗ್ತಿದೆ?” ಎಂದು ಕೇಳುವ ಮರ್ಯಾದಸ್ತರಾಗಿದ್ದರು. ಯಾಕೆಂದು ಕೇಳಿದರೆ ಉತ್ತರ ಸಿದ್ಧವಾಗಿತ್ತು. ಈಗಿನ ಕಾರುಗಳ ಒಳಗೆಲ್ಲ ಸ್ಪಂಜು ತುರುಕಿರುತ್ತಾರೆ. ಈಗಿನ ಜನ ಅರ್ಧ ಮಾತು ನುಂಗಿ ಅರ್ಧ ಹೊರಗೆ ಬಿಡುತ್ತಾರೆ.

“ಟೀವಿ ಇರೋದು ನಮ್ಮನೇಲಿ, ಸುದ್ದಿ ಕೇಳೋದು ಹಿಂದಿನ ಬೀದಿಯೋರು” ಎಂದು ಹೆಂಡತಿ ಒಂದೆರಡು ಸಲ ಚುಚ್ಚಿದ್ದರು. ಆ ಮಾತೂ ಅವರಿಗೆ ಪೂರ್ತಿ ಕೇಳಿಸಿರಲಿಲ್ಲ.

ಊರ ಗಾಡಿಗಳ ಕಾಯಿಲೆ ಹಿಡಿಯುವವರಿಗೆ ತಮ್ಮದೇ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ತಿಳಿದಿತ್ತು. ತಿಳಿದದ್ದನ್ನು ತಿಳಿಯದ ಹಾಗೆ ಮೂಲೆಗೆ ಸರಿಸಿಡುವುದರಲ್ಲಿ ನಮ್ಮ ಮೇಸ್ತ್ರಿಯದು ಎತ್ತಿದ ಕೈ. ಮೂವತ್ತೆಂಟು ವರ್ಷ ಒಂದೇ ಹೆಸರಿನಿಂದ ಅನ್ನ ತಿಂದವರು ಆ ಹೆಸರಿನ ಬುಡವೇ ಅಲುಗಾಡುವಾಗ ಬೇರೇನು ಮಾಡುತ್ತಾರೆ?

ಅವರಿಗೆ ಒಬ್ಬಳೇ ತಂಗಿ. ಐವತ್ತೆರಡು ದಾಟಿದರೂ ಅಣ್ಣನ ಬಾಯಲ್ಲಿ ಇನ್ನೂ ಪುಟ್ಟಿ. ಪುಟ್ಟಿ ನರ್ಸು. ಆಸ್ಪತ್ರೆಯಲ್ಲಿರುವ ನರ್ಸಲ್ಲ, ಒಂದು ಕ್ಲಿನಿಕ್ಕಿನ ಪರವಾಗಿ ಮನೆಮನೆಗೆ ಹೋಗುವವಳು. ಹಾಸಿಗೆ ಹಿಡಿದವರ ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಆಕ್ಸಿಜನ್ ಸಿಲಿಂಡರ್ ಬದಲಿಸುವುದು, ಮಾತಿಗೆ ಯಾರೂ ಇಲ್ಲದವರ ಹತ್ತಿರ ಐದು ನಿಮಿಷ ಹೆಚ್ಚಿಗೆ ಕೂರುವುದು. ದಿನಕ್ಕೆ ಒಂಬತ್ತು ಹತ್ತು ಮನೆ, ಎಲ್ಲ ಸೇರಿ ಅರವತ್ತೈದು ಕಿಲೋಮೀಟರು. ಅವಳನ್ನು ಹದಿನಾಲ್ಕು ವರ್ಷ ಹೊತ್ತು ತಿರುಗಿದ ಕಾರಿನ ಗೇರ್‌ಬಾಕ್ಸ್ ಬಿಚ್ಚಿ ಬೆಂಚಿನ ಮೇಲೆ ಹರಡಿ, ಕೊನೆಗೆ ಮೇಸ್ತ್ರಿಯೇ ಕೈಚೆಲ್ಲಿದರು.

“ಹೊಸದೇ ತಗೋಬೇಕು ಅಣ್ಣ” ಅಂದಳು ಪುಟ್ಟಿ. “ಚಿಕ್ಕ ಪೆಟ್ರೋಲ್ ಕಾರೋ, ಹೈಬ್ರಿಡ್ಡೋ, ಎಲೆಕ್ಟ್ರಿಕ್ಕೋ, ನಂಗೊಂದೂ ತಿಳಿಯಲ್ಲ. ಕ್ಲಿನಿಕ್ಕಲ್ಲಿ ಒಬ್ಬೊಬ್ರು ಒಂದೊಂದು ಹೇಳಿ ತಲೆ ತಿಂತಾರೆ. ನೀನು ಯಾವ್ದು ಅಂತೀಯೋ ಅದೇ.”

ಮೇಸ್ತ್ರಿ ಉಬ್ಬಿಹೋದರು. ಆ ಸಂಜೆ ಶೆಡ್ಡಿನ ತಗಡಿನ ಬಾಗಿಲನ್ನು ಒರೆಸಿ, ಸೀಮೆಸುಣ್ಣದಿಂದ ಮೂರು ಅಂಕಣ ಗೀಚಿದರು. ಎಡಕ್ಕೆ ‘ಚಿಕ್ಕದು’, ನಡುವೆ ‘ಎರಡೂ’, ಬಲಕ್ಕೆ ‘ಕರೆಂಟು’. ಮೂರನ್ನೂ ಪುಟ್ಟಿ ದಿನಾ ಓಡಾಡುವ ದಾರಿಯಲ್ಲೇ, ಅವಳ ಪೆಟ್ಟಿಗೆ, ಸಿಲಿಂಡರು, ಐಸ್ ಡಬ್ಬಿಗಳನ್ನು ಹೇರಿಕೊಂಡೇ ಓಡಿಸಿ ನೋಡುವುದೆಂದು ಗೊತ್ತುಮಾಡಿದರು. ಅಂಗಡಿಯವರು ಮುಖ್ಯರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಹಲ್ಲು ಕಿರಿದರೆ ನಂಬುವ ಪೈಕಿ ಅವರಲ್ಲ.

ಹೀಗೆಲ್ಲ ನ್ಯಾಯಾಧೀಶರಂತೆ ಹೊರಟರೂ ತೀರ್ಪು ಅವರ ಜೇಬಿನಲ್ಲಿ ಮೊದಲೇ ಇತ್ತು. ಚಿಕ್ಕ ಪೆಟ್ರೋಲ್ ಕಾರು. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ, ಭಾರ ಕಡಿಮೆ, ಎಣ್ಣೆ ಕುಡಿಯುವುದೂ ಕಡಿಮೆ, ಸಣ್ಣ ಸಂದಿಯಲ್ಲೂ ತಿರುಗುತ್ತದೆ. ಹೀಗೆ ಹತ್ತು ಕಾರಣ ಕೊಡುತ್ತಿದ್ದರು, ಹತ್ತೂ ನಿಜ. ಹೇಳದೆ ಉಳಿಸಿಕೊಂಡದ್ದು ಹನ್ನೊಂದನೆಯದು. ಆ ಕಾರು ಕೆಟ್ಟರೆ ತಂಗಿ ತನ್ನ ಹತ್ತಿರವೇ ಬರಬೇಕು. ಎಲೆಕ್ಟ್ರಿಕ್ ಗಾಡಿಯಲ್ಲಿ ಸರಳು ಮುಟ್ಟಿಸಲು ಏನಿದೆ? ಅಲ್ಲಿ ಕಿವಿ ಮೇಸ್ತ್ರಿಗೆ ಏನು ಕೆಲಸ?

ಮೊದಲ ವಾರ, ಹಳೆಯ ಗಿರಾಕಿಯೊಬ್ಬರ ಚಿಕ್ಕ ಕಾರು. ಟ್ಯಾಂಕ್ ಕಂಠಮಟ್ಟ ತುಂಬಿಸಿ, ವಾರದ ಕೊನೆಗೆ ಮತ್ತೆ ತುಂಬಿಸಿ ನೋಡಿದರೆ ಮೇಸ್ತ್ರಿಯ ಲೆಕ್ಕ ತಲೆಕೆಳಗಾಗಿತ್ತು. ಕಂಪನಿಯವರು ಹೇಳಿದ್ದಕ್ಕಿಂತ ಕಾಲುಭಾಗ ಹೆಚ್ಚೇ ಕುಡಿದಿತ್ತು. ಪುಟ್ಟಿಯ ದಾರಿ ಅಂಥದ್ದು. ಒಂದು ಮನೆಯಿಂದ ಇನ್ನೊಂದಕ್ಕೆ ಐದಾರು ಕಿಲೋಮೀಟರು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಇಳಿಯಬೇಕು, ಮುಕ್ಕಾಲು ಗಂಟೆ ಬಿಟ್ಟು ಬಂದರೆ ಅದು ಮತ್ತೆ ತಣ್ಣಗೆ. ನಡುನಡುವೆ ವರದಿ ಬರೆಯುವಾಗ ಎಸಿಗಾಗಿ ಎಂಜಿನ್ ಸುಮ್ಮನೆ ಓಡುತ್ತಿರಬೇಕು. ಜೊತೆಗೆ ಕ್ಲಚ್ಚು. ವರ್ಷಗಟ್ಟಲೆ ಮಂಚದ ಪಕ್ಕ ಮಂಡಿಯೂರಿ ಪಟ್ಟಿ ಕಟ್ಟಿದವಳ ಎಡಮಂಡಿ ಅದನ್ನು ತುಳಿದೂ ತುಳಿದೂ ಸಂಜೆಗೆ ಊದುತ್ತಿತ್ತು. ಮೇಸ್ತ್ರಿ ಬಾಗಿಲ ಮೇಲೆ ಎಣ್ಣೆಯದನ್ನು ಬರೆದರು, ಮಂಡಿಯದನ್ನು ಬರೆಯಲಿಲ್ಲ.

ಎರಡನೆಯ ವಾರ, ಟ್ಯಾಕ್ಸಿಯವನೊಬ್ಬನ ಹೈಬ್ರಿಡ್. ಅವನು ಅದನ್ನು ಸ್ವಂತ ಮಗನ ಹಾಗೆ ಹೊಗಳುತ್ತಿದ್ದ. “ಸಿಗ್ನಲ್ಲಲ್ಲಿ ನಿಂತ್ರೆ ಎಂಜಿನ್ನೇ ಆಫು ಮೇಸ್ತ್ರೀ. ಬ್ರೇಕ್ ಒತ್ತಿದ್ರೆ ಬ್ಯಾಟರಿ ತಾನೇ ತುಂಬ್ಕೊಳ್ಳುತ್ತೆ. ಮೂರು ವರ್ಷ ಆಯ್ತು, ಇನ್ನೂ ಬ್ರೇಕ್ ಪ್ಯಾಡ್ ಬದ್ಲಿಸಿಲ್ಲ.” ಸುಳ್ಳಲ್ಲ. ನಿಂತು ನಿಂತು ಹೋಗುವ ಪೇಟೆಯ ದಾರಿಯಲ್ಲಿ ಅದು ಕುಡಿದದ್ದು ಚಿಕ್ಕ ಕಾರಿನ ಮೂರರಲ್ಲಿ ಎರಡು ಪಾಲು. ಕ್ಲಚ್ಚಿಲ್ಲ, ಮಂಡಿಗೆ ಸುಖ. ಆದರೆ ಡಿಕ್ಕಿಯ ತಳದಲ್ಲಿ ಬ್ಯಾಟರಿ ಕೂತು, ಸಿಲಿಂಡರು ಅಡ್ಡ ಮಲಗಲು ಜಾಗವಿಲ್ಲ. ಹಿಂದಿನ ಸೀಟಿಗೆ ಕಟ್ಟಬೇಕಾಯಿತು. ಒಂದೇ ಹೊಟ್ಟೆಯಲ್ಲಿ ಎರಡು ಯಂತ್ರ, ಎರಡನ್ನೂ ಸಾಕಬೇಕು ಎಂದು ಮೇಸ್ತ್ರಿ ಮೂಗು ಮುರಿದರು. ಎಂಜಿನ್ ಯಾವಾಗ ಹತ್ತಿತು, ಯಾವಾಗ ಆರಿತು ಎಂಬುದು ವಾರವಿಡೀ ಅವರಿಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. “ಚೆನ್ನಾಗಿ ಮಾಡಿದ್ದಾರೆ, ಗೊತ್ತೇ ಆಗಲ್ಲ” ಅಂದರು. ಪುಟ್ಟಿ ಅವರ ಮುಖ ನೋಡಿ, ಮತ್ತೆ ರಸ್ತೆ ನೋಡಿದಳು.

ಮೂರನೆಯದು ಎಲೆಕ್ಟ್ರಿಕ್. ಪುಟ್ಟಿ ದಿನಾ ಔಷಧಿ ಕೊಳ್ಳುವ ಅಂಗಡಿಯ ಯಜಮಾನರದು. ಅವರು ಎರಡು ವರ್ಷದಿಂದ ಓಡಿಸುತ್ತಿದ್ದರು. ಒಂದು ಸಲ ತುಂಬಿಸಿದರೆ ಇನ್ನೂರು ಕಿಲೋಮೀಟರು ಧಾರಾಳ, ಎಸಿ ಹಾಕಿದರೆ ನೂರೆಂಬತ್ತು. ಕ್ಲಿನಿಕ್ಕಿನ ಅಂಗಳದಲ್ಲಿ ಪ್ಲಗ್ಗು ಇದೆ. ಪುಟ್ಟಿ ಮಧ್ಯಾಹ್ನ ಹೇಗಿದ್ದರೂ ಎರಡು ಗಂಟೆ ಅಲ್ಲಿರುತ್ತಾಳೆ. ತಿಂಗಳಿಗೊಮ್ಮೆ ಗುಡ್ಡದಾಚೆಯ ಊರಿಗೆ ಹೋಗಿಬರುವುದು ನೂರನಲವತ್ತು, ಅದೂ ಆಗುತ್ತದೆ. ವರದಿ ಬರೆಯುವಾಗ ಎಂಜಿನ್ ಉರಿಸುವ ಮಾತೇ ಇಲ್ಲ. ನಾಲ್ಕು ದಿನ ಓಡಿಸಿದ ಪುಟ್ಟಿಯ ಮುಖ ಅರಳಿತ್ತು. ಅಣ್ಣ ಹೇಳಲಿ ಎಂದು ಕಾದಳು.

ಐದನೆಯ ದಿನ ಔಷಧಿ ಅಂಗಡಿಯ ಹಿಂದಿನ ಅಂಗಳದಿಂದ ಅವಳು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಮೇಸ್ತ್ರಿ ಕಾರಿನ ಹಿಂದೆ, ಅದಕ್ಕೆ ಬೆನ್ನು ಹಾಕಿ ನಿಂತು, ಗೋಡೆಯ ಚಾರ್ಜಿಂಗ್ ಪೆಟ್ಟಿಗೆಯ ಮೊಳೆ ಸರಿಯಾಗಿ ಹೊಡೆದಿದ್ದಾರೋ ಇಲ್ಲವೋ ನೋಡುತ್ತಿದ್ದರು. ಮೊಣಕಾಲ ಹಿಂದೆ ಏನೋ ತಗುಲಿತು. ತಿರುಗಿದರೆ ಬಂಪರ್ ಪ್ಯಾಂಟಿನ ಬಟ್ಟೆಗೆ ಅಂಟಿಕೊಂಡು ನಿಂತಿದೆ. ಪುಟ್ಟಿ ಬಾಗಿಲು ತೆರೆದು ಬಿಳಿಚಿಕೊಂಡು ಓಡಿಬಂದಳು.

ಮೇಸ್ತ್ರಿಗೆ ಮೊದಲು ಹೆದರಿಕೆ, ಅದರ ಹಿಂದೆಯೇ ಸಿಟ್ಟು, ಸಿಟ್ಟಿನ ಹಿಂದೆಯೇ, ನಿಜ ಹೇಳಬೇಕೆಂದರೆ, ಸಂತೋಷ. ಹುಡುಕುತ್ತಿದ್ದ ಕಾರಣ ಕಾಲಬುಡಕ್ಕೇ ಬಂದಿತ್ತು.

“ನೋಡಿದ್ಯಾ? ಇದೇ ನಾನು ಹೇಳೋದು! ಒಂದು ಚೂರು ಸದ್ದಿಲ್ಲ. ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ. ಮೂವತ್ತೆಂಟು ವರ್ಷ ಗಾಡಿ ಸದ್ದು ಕೇಳಿರೋ ನನಗೇ ಗೊತ್ತಾಗ್ಲಿಲ್ಲ. ನೀನು ಹೋಗೋ ಮನೆ ಮುಂದೆ ಕೋಲು ಹಿಡ್ಕೊಂಡು ಓಡಾಡೋ ಮುದುಕ್ರಿಗೆ ಗೊತ್ತಾಗುತ್ತಾ? ಈ ಗಾಡಿ ಬೇಡ. ಖಂಡಿತ ಬೇಡ.”

ಸದ್ದಿಗೆ ಹೊರಬಂದಿದ್ದ ಅಂಗಡಿಯ ಯಜಮಾನರು ಹುಬ್ಬೇರಿಸಿದರು. “ಅಲ್ಲ ಮೇಸ್ತ್ರೀ, ಹಿಂದಕ್ಕೆ ಬರುವಾಗ ಅದು ಪೀಂ ಪೀಂ ಅಂತ...”

“ಬಿಡಿ ಸಾರ್” ಎಂದು ಪುಟ್ಟಿ ನಡುವೆ ಬಾಯಿ ಹಾಕಿದಳು. “ಅಣ್ಣ ಹೇಳಿದ್ದು ಸರಿ. ಈ ಗಾಡಿ ಬೇಡ. ಚಿಕ್ಕದೇ ತಗೋತೀನಿ, ಸೋಮವಾರ ಬುಕ್ ಮಾಡ್ತೀನಿ.”

ಹೇಳುವಾಗ ಯಜಮಾನರ ಕಡೆ ಒಂದು ನೋಟ ಬೀರಿದಳು. ರೋಗಿಯ ಎದುರು ಮನೆಯವರಿಗೆ ಕಣ್ಣಲ್ಲೇ ಸುಮ್ಮನಿರಿ ಎನ್ನುವ ನೋಟ. ಯಜಮಾನರು ಒಳಗೆ ಹೋದರು. ಮೇಸ್ತ್ರಿಗೆ ಅವರ ಮಾತು ಪೂರ್ತಿ ಕೇಳಿಸಿರಲಿಲ್ಲ. ಆ ನೋಟ ಮಾತ್ರ ಪೂರ್ತಿ ಕಂಡಿತ್ತು.

ಶೆಡ್ಡಿಗೆ ಬಂದವರೇ ‘ಕರೆಂಟು’ ಅಂಕಣದ ಮೇಲೆ ಅಡ್ಡಗೆರೆ ಎಳೆದರು. ಗೆದ್ದವರ ಮುಖ ಹಾಗಿರುವುದಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಎರಡು ಸಲ ಏನೋ ಕೇಳಿದರು, ಇವರು ಎರಡು ಸಲವೂ “ಹೂಂ” ಅಂದರು. ಆಮೇಲೆ ನೋಡಿದರೆ ಅದು ಹೂಂ ಅನ್ನುವ ಪ್ರಶ್ನೆಯೇ ಅಲ್ಲ.

ಮಾರನೆಯ ಬೆಳಿಗ್ಗೆ ಔಷಧಿ ಅಂಗಡಿ ತೆರೆಯುವ ಹೊತ್ತಿಗೆ ಮೇಸ್ತ್ರಿ ಒಬ್ಬರೇ ಅಂಗಳದಲ್ಲಿ ನಿಂತಿದ್ದರು, ಕೈಯಲ್ಲಿ ಸರಳು.

“ಒಂದು ಉಪಕಾರ ಮಾಡಿ. ಗಾಡೀನ ರಿವರ್ಸ್‌ಗೆ ಹಾಕಿ, ಬ್ರೇಕ್ ಒತ್ತಿಕೊಂಡು ಕೂತಿರಿ. ಹಿಂದಕ್ಕೆ ಬಿಡಬೇಡಿ.”

ಯಜಮಾನರು ಹೋಗಿ ಕೂತರು. ಮೇಸ್ತ್ರಿ ಒಂದು ಮಾರು ದೂರ ನಿಂತು ಕೇಳಿದರು. ಏನೂ ಇಲ್ಲ. ಬಂಪರಿನ ಹತ್ತಿರ ಬಗ್ಗಿ ಕೇಳಿದರು. ಎಲ್ಲೋ ದೂರದ ಮನೆಯಲ್ಲಿ ಏನೋ ಆಗುತ್ತಿದೆಯೋ ಇಲ್ಲವೋ ಅನ್ನುವಷ್ಟು. ಆಮೇಲೆ ನೆಲದ ಮೇಲೆ ಮಲಗಿ, ಬಂಪರಿನ ಅಡಿಯಲ್ಲಿದ್ದ ಮುಷ್ಟಿಗಾತ್ರದ ಕಪ್ಪು ಸ್ಪೀಕರಿಗೆ ಸರಳು ಮುಟ್ಟಿಸಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು.

ಪೀಂ. ಪೀಂ. ಪೀಂ. ಸ್ಪಷ್ಟವಾಗಿ, ಒಂದೇ ಸಮನೆ, ಯಾರಿಗಾದರೂ ಎಚ್ಚರವಾಗುವ ಹಾಗೆ.

ಸರಳು ತೆಗೆದರು, ನಿಂತಿತು. ಮುಟ್ಟಿಸಿದರು, ಬಂತು. ಹಾಗೆ ನಾಲ್ಕು ಸಲ ಮಾಡಿದರು. ಗಾಡಿಯ ತಪ್ಪೆಂದು ನಿನ್ನೆ ಅಷ್ಟು ಜೋರಾಗಿ ಸಾರಿದ್ದು ತನ್ನ ತಪ್ಪು ಎಂಬುದಕ್ಕೆ ಐದನೆಯ ಸಾಕ್ಷಿ ಬೇಕಿರಲಿಲ್ಲ. ಎದ್ದು ಕೂತು ಬೆನ್ನಿನ ಧೂಳು ಕೂಡ ಕೊಡವಲಿಲ್ಲ.

“ನಿನ್ನೆ ಅವಳು ಕೂಗಿದ್ಲಾ?” ಎಂದು ಕೇಳಿದರು.

ಯಜಮಾನರು ಇಳಿದು ಬಂದು ಅವರ ಎದುರು ಕುಕ್ಕರುಗಾಲಲ್ಲಿ ಕೂತು, ಮೂರು ಬೆರಳು ತೋರಿಸಿದರು. “ಮೂರು ಸಲ. ಅಣ್ಣಾ ಪಕ್ಕಕ್ಕೆ ಸರಿ, ಪಕ್ಕಕ್ಕೆ ಸರಿ ಅಂತ. ಒಳಗಿದ್ದ ನನಗೇ ಕೇಳಿಸ್ತು.”

ಮೇಸ್ತ್ರಿಗೆ ಅಳು ಬಂತು. ಕಿವಿ ಹೋಯಿತೆಂದಲ್ಲ. ತನ್ನ ಹೆಸರು ಉಳಿಯಲೆಂದು ತಂಗಿ ಊದುವ ಮಂಡಿಯಲ್ಲಿ ಇನ್ನು ಹತ್ತು ವರ್ಷ ಕ್ಲಚ್ಚು ತುಳಿಯಲು ಒಪ್ಪಿಕೊಂಡಿದ್ದಳು, ಅದಕ್ಕೆ. ತಾನು ಬಾಯಿಗೆ ಬೀಗ ಹಾಕಿಕೊಂಡರೆ ಸೋಮವಾರ ಎಲ್ಲ ಮುಗಿಯುತ್ತದೆ. ಹೆಸರೂ ಉಳಿಯುತ್ತದೆ, ಗಿರಾಕಿಗಳೂ ಉಳಿಯುತ್ತಾರೆ. ಬಾಯಿ ಬಿಟ್ಟರೆ ಮೂವತ್ತೆಂಟು ವರ್ಷ ಮಣ್ಣುಪಾಲು. ದಾರಿಯುದ್ದಕ್ಕೂ ಇದನ್ನೇ ತೂಗಿಕೊಂಡು ಶೆಡ್ಡಿಗೆ ಬಂದರು. ಮೂರು ಕಾರುಗಳನ್ನು ತೂಗಿದ್ದಕ್ಕಿಂತ ಇದು ಭಾರವಾಗಿತ್ತು.

ಶನಿವಾರ ಸಂಜೆ ಪುಟ್ಟಿ ಬುಕಿಂಗ್ ಕಾಗದ ಹಿಡಿದು ಬಂದಳು. ಶೆಡ್ಡಿನಲ್ಲಿ ಟ್ಯಾಕ್ಸಿಯವನಿದ್ದ, ಬಾನೆಟ್ ತೆರೆದ ವ್ಯಾನಿನ ಪಕ್ಕ ಒಬ್ಬರು ಬೇಕರಿಯವರಿದ್ದರು. ಇವರೆಲ್ಲ ಹೋದ ಮೇಲೆ ಹೇಳೋಣ ಎಂದು ಮೇಸ್ತ್ರಿಗೆ ಅನ್ನಿಸಿತು. ಹಾಗೆ ಮುಂದಕ್ಕೆ ಹಾಕಿ ಹಾಕಿಯೇ ನಾಲ್ಕೈದು ವರ್ಷ ಕಳೆದದ್ದು ಎಂದೂ ಅನ್ನಿಸಿತು.

“ಪುಟ್ಟೀ, ಆ ಕಾಗದ ಒಳಗಿಡು” ಅಂದರು, ಅಗತ್ಯಕ್ಕಿಂತ ಜೋರಾಗಿ. “ನಾನು ಹೇಳಿದ್ದು ತಪ್ಪು. ಆ ಗಾಡಿ ಸದ್ದು ಮಾಡುತ್ತೆ. ಎಲ್ರಿಗೂ ಕೇಳ್ಸುತ್ತೆ. ನಂಗೆ ಕೇಳ್ಸಲ್ಲ.”

ಟ್ಯಾಕ್ಸಿಯವನು ಚಹಾ ಕುಡಿಯುವುದನ್ನು ನಿಲ್ಲಿಸಿದ. ಬೇಕರಿಯವರು ತಮ್ಮ ವ್ಯಾನಿನ ಕಡೆ ನೋಡಿದರು.

“ಈಗಿಂದಲ್ಲ, ನಾಲ್ಕೈದು ವರ್ಷ ಆಯ್ತು” ಎಂದು ಮೇಸ್ತ್ರಿ ಅವರ ಕಡೆಗೂ ತಿರುಗಿ ಹೇಳಿದರು. “ಸರಳು ಇಟ್ರೆ ಎಲುಬಿಂದ ಕೇಳುತ್ತೆ. ಬರೀ ಕಿವೀಲಿ ಇಲ್ಲ. ಬೇರೆ ಕಡೆ ತೋರಿಸ್ಬೇಕು ಅಂದ್ರೆ ತೋರಿಸಿ, ನಂಗೆ ಬೇಜಾರಿಲ್ಲ.” ಬೇಜಾರಿತ್ತು, ಅದು ಮುಖದಲ್ಲೇ ಬರೆದಿತ್ತು. ಆಮೇಲೆ ಬಾಗಿಲ ಹತ್ತಿರ ಹೋಗಿ ಅಂಗೈಯಿಂದ ಅಡ್ಡಗೆರೆ ಒರೆಸಿದರು. “ನಿನ್ನ ದಾರಿಗೆ ಇದೇ ಸರಿ. ಮಂಡಿಗೂ ಇದೇ ಸರಿ. ಮಂಡಿ ಮಾತು ನಾನು ಇಲ್ಲಿ ಬರೀಲೇ ಇಲ್ಲ, ಬೇಕೂಂತಾನೇ ಬಿಟ್ಟೆ. ಚಿಕ್ಕದು ತಗೊಂಡ್ರೆ ನನ್ನ ಹತ್ರ ಬರ್ತೀಯ ಅಂತ.”

ಬೇಕರಿಯವರು ಗಂಟಲು ಸರಿಮಾಡಿಕೊಂಡು, ಒಂದು ಹೆಜ್ಜೆ ಹತ್ತಿರ ಬಂದು, ಜೋರಾಗಿ ಕೇಳಿದರು. “ಹಾಗಾದ್ರೆ ನಮ್ಮ ವ್ಯಾನು? ಸರಳು ಇಡ್ತೀರೋ, ಇಲ್ವೋ?”

“ಇಡ್ತೀನಿ” ಅಂದರು ಮೇಸ್ತ್ರಿ.

ಪುಟ್ಟಿ ಕಾಗದವನ್ನು ಮಡಿಸುತ್ತಲೇ ಇದ್ದಳು, ಅದು ಬೆಂಕಿಪೆಟ್ಟಿಗೆಯಷ್ಟಾಗಿತ್ತು. ಅಣ್ಣನ ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು, ರೋಗಿಗಳ ಜೊತೆ ಮಾತಾಡುವ ಹಾಗೆ ನಿಧಾನವಾಗಿ ಹೇಳಿದಳು. “ಎಲುಬಿಂದ ಕೇಳುತ್ತೆ ಅಂದ್ರೆ ಒಳಗಿನ ನರ ಚೆನ್ನಾಗಿದೆ ಅಂತ. ಡಾಕ್ಟ್ರ ಹತ್ರ ಹೋಗೋಣ, ಏನಾದ್ರೂ ಮಾಡ್ತಾರೆ. ಆದ್ರೆ ಆ ಗಾಡಿ ನಂಗೆ ಬೇಡ ಅಣ್ಣ.”

“ನನ್ನ ಹೆಸ್ರು ಹಾಳಾಗಿ ಹೋಗ್ಲಿ ಬಿಡು.”

“ನಿನ್ನ ಹೆಸ್ರಿಗಲ್ಲ. ಮೂರು ಸಲ ಕೂಗ್ದೆ. ಸರಿಯೋಕೆ ಹೊರಟಿದ್ದೀಯ ಅಂದ್ಕೊಂಡು ಆ ಕಡೆ ಕನ್ನಡಿ ನೋಡ್ದೆ. ತಿರುಗಿದ್ರೆ ಹಿಂದಿನ ಕ್ಯಾಮೆರಾ ಸ್ಕ್ರೀನ್ ತುಂಬ ನಿನ್ನ ಬೆನ್ನು. ಬ್ರೇಕ್ ಒತ್ತದೇ ಇದ್ದಿದ್ರೆ?” ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಮಡಿಸಿದಳು. “ಸಾವಿರ ಜನಕ್ಕೆ ಇಂಜೆಕ್ಷನ್ ಕೊಟ್ಟಿದ್ದೀನಿ, ಕೈ ನಡುಗಿಲ್ಲ. ಈಗ ಆ ಗಾಡೀಲಿ ಕೂತು ರಿವರ್ಸ್ ಹಾಕಿದ್ರೆ ಕಾಲು ನಡುಗುತ್ತೆ. ನಂಗಾಗಲ್ಲ.”

ಮೇಸ್ತ್ರಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಮಾತಿನ ಒಂದಕ್ಷರವೂ ಅವರಿಗೆ ತಪ್ಪಿರಲಿಲ್ಲ. ಟ್ಯಾಕ್ಸಿಯವನಿಗೆ ಶೆಡ್ಡು ನೋಡಿಕೊಳ್ಳಲು ಹೇಳಿ, ಬೇಕರಿಯವರ ಹತ್ತಿರ ಅರ್ಧ ಗಂಟೆ ಬಿಡುವು ಕೇಳಿ, ಕೈ ಒರೆಸಿಕೊಂಡು ಹೊರಟರು. “ಬಾ” ಅಂದರು.

ಔಷಧಿ ಅಂಗಡಿಯ ಅಂಗಳದಲ್ಲಿ ಇನ್ನೂ ಬೆಳಕಿತ್ತು. ಮೇಸ್ತ್ರಿ ತಂಗಿಯನ್ನು ಸ್ಟೇರಿಂಗಿನ ಹಿಂದೆ ಕೂರಿಸಿ, ತಾವು ಹೋಗಿ ಗಾಡಿಯ ಹಿಂದೆ ಆರು ಮಾರು ದೂರದಲ್ಲಿ ನಿಂತರು. ಈ ಸಲ ಗಾಡಿಗೆ ಮುಖ ಮಾಡಿ. ಕೈ ಎತ್ತಿ, ಬಾ ಎಂದು ಸನ್ನೆ ಮಾಡಿದರು.

ಮೊದಲ ಸಲ ಅವಳು ಅರ್ಧ ದಾರಿಯಲ್ಲೇ ಬ್ರೇಕ್ ಒತ್ತಿದಳು. ಗಾಡಿ ಜಗ್ಗಿ ನಿಂತಿತು. ಮೇಸ್ತ್ರಿ ನಿಂತಲ್ಲಿಂದ ಕದಲಲಿಲ್ಲ; ಮುಂದೆ ಹೋಗು, ಮತ್ತೆ ಬಾ ಎಂದು ಕೈ ಬೀಸಿದರು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಸ್ವಲ್ಪ ಹತ್ತಿರ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಒಬ್ಬ ಗಿರಾಕಿ ಔಷಧಿ ಚೀಟಿ ಹಿಡಿದುಕೊಂಡೇ ನಿಂತಿದ್ದ. ಐದನೆಯ ಸಲಕ್ಕೆ ಪುಟ್ಟಿ ಅಳುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿತು. ಆದರೂ ಮೇಸ್ತ್ರಿ ಕೈ ಬೀಸಿದರು. ಒಂಬತ್ತನೆಯ ಸಲ ಗಾಡಿ ನಿಧಾನವಾಗಿ, ಒಂದೇ ಸಮನಾಗಿ ಬಂದು, ಅವರಿಂದ ಒಂದು ಗೇಣಿನಲ್ಲಿ ಜಗ್ಗದೆ ನಿಂತಿತು.

ಪುಟ್ಟಿ ಗಾಜು ಇಳಿಸಿ, ತಲೆ ಹೊರಗೆ ಹಾಕಿ ಏನೋ ಕೂಗಿದಳು. ನಾಲ್ಕೈದು ವರ್ಷದ ರೂಢಿಯಂತೆ ಮೇಸ್ತ್ರಿ “ಹೂಂ” ಎನ್ನಲು ಬಾಯಿ ತೆರೆದರು. ತೆರೆದ ಬಾಯಿ ಮುಚ್ಚಿದರು. ಅಂಗಡಿಯವರು, ಗಿರಾಕಿ ಎಲ್ಲರೂ ನೋಡುತ್ತಿರುವಂತೆಯೇ ತಮ್ಮ ಕಿವಿಯನ್ನು ಬೆರಳಿಂದ ಮುಟ್ಟಿ, ಕೇಳಿಸಲಿಲ್ಲ ಎಂದು ತಲೆಯಾಡಿಸಿದರು.

ಪುಟ್ಟಿ ಇಳಿದು ಅವರ ಹತ್ತಿರಕ್ಕೇ ನಡೆದು ಬಂದಳು.

“ಇದನ್ನೇ ತಗೋತೀನಿ ಅಂದೆ” ಅಂದಳು.